ಘಾರಾಪುರಿಯಲ್ಲಿ ಚಂದ್ರಾಮಪ್ಪನ ಊಟ

ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗೇಟು ಕಾಯುವ ಚಂದ್ರಾಮಪ್ಪ ವರ್ಷಕ್ಕೊಮ್ಮೆ ಸಿಗುವ ಪಾಸನ್ನು ಪ್ರತಿಸಲ ಪಂಢರಪುರಕ್ಕೇ ಖರ್ಚು ಮಾಡುತ್ತಿದ್ದ. ೧೯೬೭ರ ಪಾಸೂ ವಿಠ್ಠಲನ ಪಾದಕ್ಕೇ ಹೋಗಿದ್ದರೆ ಯಾವ ತಂಟೆಯೂ ಇರುತ್ತಿರಲಿಲ್ಲ. ಆದರೆ ಪಕ್ಕದ ಕ್ವಾರ್ಟರ್ಸಿನ ಖಲಾಸಿ ನಬೀಸಾಬ್, ಮುಂಬಯಿಯಲ್ಲಿ ತನ್ನ ಅಕ್ಕನ ಮನೆಯಿದೆ, ಎಲ್ಲರೂ ಕೂಡಿ ಹೋಗಿ ಸಮುದ್ರ ನೋಡಿ ಬರೋಣ ಎಂದು ಚಂದ್ರಾಮಪ್ಪನ ಹೆಂಡತಿ ಸಾಬಮ್ಮನ ಕಿವಿಯಲ್ಲಿ ಹಾಕಿಬಿಟ್ಟ. ಸಾಬಮ್ಮ ಗಂಡನಿಗೆ ಎಂಟು ದಿನ ಬರೀ ನುಚ್ಚು ನೀಡಿದಳು. ಒಂಬತ್ತನೆಯ ದಿನ ಅವನು ಪಾಸಿನ ಮೇಲೆ ಮುಂಬಯಿ ಎಂದು ಬರೆಸಿಕೊಂಡು ಬಂದ.

ಅವನಿಗೆ ನೀರೆಂದರೆ ಅಂಜಿಕೆ. ಹುಟ್ಟಿದ್ದು ಭೀಮೆಯ ದಂಡೆಯ ಸನ್ನತಿಯಲ್ಲಿ. ಅಜ್ಜ ಹರಿಗೋಲು ಹಾಕಿ ಊರನ್ನೇ ದಾಟಿಸಿದವನು. ಮೊಮ್ಮಗ ಮಾತ್ರ ಮೊಣಕಾಲಿಗೆ ನೀರು ಬಂದರೆ ದೇವರನ್ನು ಕೂಗುವ ಪೈಕಿ. ಮುಂಬಯಿಯ ಗೇಟ್‌ವೇ ಮುಂದೆ ನಿಂತು ಸಮುದ್ರ ನೋಡಿದವನು, ಇದಕ್ಕೆ ಆಚೆ ದಂಡೆಯೇ ಇಲ್ಲವಲ್ಲ ಎಂದು ಅಲ್ಲಿಂದಲೇ ತಿರುಗಿ ಹೊರಟಿದ್ದ. ನಬೀಸಾಬ್ ರಟ್ಟೆ ಹಿಡಿದು ನಿಲ್ಲಿಸಿದ. ಘಾರಾಪುರಿ ಎಂಬ ನಡುಗಡ್ಡೆಯಿದೆ, ಕಲ್ಲು ಕೊರೆದು ಮಾಡಿದ ಗುಹೆಗಳಿವೆ, ಲಾಂಚಿನಲ್ಲಿ ಹೋಗಿ ಸಂಜೆಗೆ ಬಂದುಬಿಡಬಹುದು ಎಂದ. ಸಾಬಮ್ಮ ಆಗಲೇ ಲಾಂಚಿನ ಮೆಟ್ಟಿಲ ಮೇಲಿದ್ದಳು.

ಮೊದಲು ಎದುರಾದವನು ಲಾಂಚಿನ ಬಳಿ ಶೇಂಗಾ ಮಾರುವವನು. ಚಂದ್ರಾಮಪ್ಪನ ಮುಖ ನೋಡಿದ, ಆಮೇಲೆ ಕಾಲು ನೋಡಿದ, ಕೇಳದೆಯೇ ಒಂದು ಪೊಟ್ಟಣ ಕೈಗಿಟ್ಟು ಬುಟ್ಟಿ ಎತ್ತಿಕೊಂಡು ಜಾಗ ಖಾಲಿ ಮಾಡಿದ. ಲಾಂಚಿನಲ್ಲಿ ಚೀಟಿ ಹರಿಯುವವನೂ ಹಾಗೆಯೇ ಮುಖ ನೋಡಿ, ಕಾಲು ನೋಡಿ, ಚೀಟಿ ಹರಿಯದೆ ಮುಂದೆ ಸರಿದ. ಚಂದ್ರಾಮಪ್ಪ ಅಂದು ನಬೀಸಾಬನ ಬೂಟು ತೊಟ್ಟಿದ್ದ. ಅದು ಒಂದು ಅಳತೆ ದೊಡ್ಡದು. ಹೊಸದಾಗಿ ಕಾಲಿಗೆ ನಾಲು ಬಡಿಸಿಕೊಂಡ ಎತ್ತಿನ ಹಾಗೆ ನಡೆಯುತ್ತಿದ್ದ. ಮುಂಬಯಿ ಮಂದಿಗೆ ಬೂಟು ನೋಡಿ ಬೆಲೆ ಕಟ್ಟುವ ಪಾರಖಿ ಭಾಳ ಎಂದುಕೊಂಡು ಶೇಂಗಾ ಸುಲಿಯತೊಡಗಿದ.

ನಡುಗಡ್ಡೆಯಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ. ಲಾಂಚು ನಿಲ್ಲುವ ಧಕ್ಕೆಯ ಮೇಲೆ ಸೌತೆಕಾಯಿ, ಹುಣಸೆ ಮಾರುವ ಹೆಂಗಸರು ಒಂದೇ ಸಮನೆ ಕೂಗುತ್ತಿದ್ದವರು, ಹಾರ್ಮೋನಿಯಂ ಪೇಟಿ ನಿಂತ ಭಜನೆಯ ಹಾಗೆ ಒಬ್ಬೊಬ್ಬರಾಗಿ ಸುಮ್ಮನಾದರು. ಒಬ್ಬ ಮುದುಕಿ ಎದ್ದು ಬಂದು ಅವನ ಕಾಲು ತೋರಿಸಿ ಮರಾಠಿಯಲ್ಲಿ ಏನೋ ಅಂದಳು.

"ಬೂಟ್ ಬಿಚ್ಚು ಅಂತಾಳ," ಎಂದ ನಬೀಸಾಬ್.

ಬಿಚ್ಚಿದ. ಮುದುಕಿ ಕುಳಿತು ಹಿಮ್ಮಡ ಮುಟ್ಟಿದಳು, ಬೆರಳು ಮುಟ್ಟಿದಳು. ಬೆರಳು ಮುಂದೆಯೇ ಇದ್ದವು, ಹಿಮ್ಮಡ ಹಿಂದೆಯೇ ಇತ್ತು. ಆದರೂ ಅವಳು ಅವನ ಮೊಣಕಾಲು ತಬ್ಬಿ ಅಳತೊಡಗಿದಳು. "ಆಲಾಸ ಕಾ ರೇ?" ಬಂದೆಯಾ ಎಂಬ ಆ ಮಾತು ವಾಡಿಯವನಿಗೆ ಅನುವಾದವಿಲ್ಲದೆ ತಿಳಿಯಿತು.

ಗುಹೆ ಬಲಕ್ಕಿತ್ತು. ಮಂದಿ ಅವರನ್ನು ಎಡಕ್ಕೆ ಕರೆದೊಯ್ದರು, ತಾಳೆಮರಗಳ ಕೆಳಗಿನ ಒಂದು ಗುಡಿಸಲಿಗೆ. ಒಳಗೆ ಗೋಡೆಯ ಮೇಲೆ ಹೂವಿನ ಹಾರ ಹಾಕಿದ ಫೋಟೋ. ಫೋಟೋದಲ್ಲಿ ಚಂದ್ರಾಮಪ್ಪ ಇದ್ದ. ಅದೇ ಮೂಗು, ಅದೇ ಜೋಲು ಮೀಸೆ, ಎಡಹುಬ್ಬಿನಲ್ಲಿ ಅದೇ ಗಾಯದ ಗುರುತು. ಮುದುಕಿಯ ಮಗ ಹಿರಾಜಿಯಂತೆ. ವರ್ಷದ ಹಿಂದೆ ಮೀನಿಗೆ ಹೋದವನ ದೋಣಿ ಮಾತ್ರ ತಿರುಗಿ ಬಂದಿತ್ತು, ಹೆಣ ಸಿಕ್ಕಿರಲಿಲ್ಲ. ಇವತ್ತು ಅವನ ವರ್ಷದ ತಿಥಿ. ಬೆಳಗಿನಿಂದ ಅಂಗಳದಲ್ಲಿ ಎಡೆ ಇಟ್ಟಿದ್ದರೂ ಕಾಗೆ ಮುಟ್ಟಿಲ್ಲ.

ಚಂದ್ರಾಮಪ್ಪ ಅಂಗಳದತ್ತ ನೋಡಿದ. ಸೂರಿನ ಮೇಲೆ ಇಪ್ಪತ್ತು ಕಾಗೆಗಳು ದನಿಯಿಲ್ಲದೆ ಕುಳಿತಿದ್ದವು. ಅವನು ಹೊಸ್ತಿಲಿಗೆ ಬಂದದ್ದೇ ತಡ, ಅಷ್ಟೂ ಇಳಿದು ಎಡೆಗೆ ಬಾಯಿ ಹಾಕಿದವು.

ಊರ ಮಂದಿ ಕೈಮುಗಿದರು. ಆಮೇಲೆ ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಇವನನ್ನು ಕಟ್ಟಿಹಾಕಬೇಕೆಂದ ಒಬ್ಬ. ಸಮುದ್ರದಲ್ಲಿ ಮುಳುಗಿಸಿ ನೋಡಿದರೆ ನಿಜ ಗೊತ್ತಾಗುತ್ತದೆಂದ ಇನ್ನೊಬ್ಬ. ಚಂದ್ರಾಮಪ್ಪ ನಬೀಸಾಬನ ಬೆನ್ನಿಗೆ ಸರಿದ. ಕಡೆಗೆ, ಹೊಟ್ಟೆ ತುಂಬ ಉಣ್ಣಿಸಿದರೆ ಜೀವ ತೃಪ್ತಿಯಾಗಿ ಹೋಗುತ್ತದೆ ಎಂಬ ಮುದುಕಿಯ ಮಾತು ನಿಂತಿತು.

"ಉಂಡುಬಿಡೋ ಚಂದ್ರಾಮಣ್ಣ," ಎಂದು ಪಿಸುಗುಟ್ಟಿದ ನಬೀಸಾಬ್. "ಮುಳುಗೂದಕ್ಕಿಂತ ಉಣ್ಣೂದು ಚಲೋ." ಹಾಗೆಂದವನು ತಾನು ಮಾತ್ರ ಬಾಗಿಲ ಬಳಿಯ ಕಟ್ಟೆಗೆ ಹೋಗಿ ಕುಳಿತು ಏನೋ ಮಣಮಣ ಓದತೊಡಗಿದ.

ಸಾಬಮ್ಮ ಒಮ್ಮೆ ಫೋಟೋ, ಒಮ್ಮೆ ಗಂಡನ ಮುಖ ನೋಡುತ್ತ ನಿಂತಿದ್ದಳು. ಮೆಲ್ಲಗೆ ಕೇಳಿದಳು:

"ನಮ್ಮ ಲಗ್ನ ಯಾವೂರಾಗ ಆತು, ಹೇಳ್ರಿ."

"ಕೊಡ್ಲಿಯಾಗ. ನಿಮ್ಮಪ್ಪನ ಮನಿ ಮುಂದ."

"ಯಾ ವಾರ ಇತ್ತು?"

ಚಂದ್ರಾಮಪ್ಪ ಬೆರಳು ಮಡಚಿ ವಾರ ಎಣಿಸತೊಡಗಿದ. ವಾಡಿಯ ಯಾವ ಗಂಡಸಿಗೂ ಆ ಪ್ರಶ್ನೆಗೆ ಉತ್ತರ ಬರುತ್ತಿರಲಿಲ್ಲ. ಆದರೆ ಸಾಬಮ್ಮ ಒಂದು ಮಾರು ಹಿಂದೆ ಸರಿದು ನಿಂತಳು.

ಊಟಕ್ಕೆಂದು ಕೈ ತೊಳೆದ ಚಂದ್ರಾಮಪ್ಪ ಒರೆಸಿಕೊಳ್ಳಲು ಬಾಗಿಲ ಹಿಂದೆ ಕೈ ಹಾಕಿ ಪಂಜೆ ತೆಗೆದುಕೊಂಡ. ಮುಖ ಒರೆಸಿಕೊಂಡ ಮೇಲೆ ಅವನಿಗೆ ಹೊಳೆಯಿತು: ಅಲ್ಲಿ ಪಂಜೆ ಇದೆಯೆಂದು ಯಾರೂ ಹೇಳಿರಲಿಲ್ಲ. ಅವನು ಮೆಲ್ಲಗೆ ತನ್ನ ತೊಡೆ ಚಿವುಟಿಕೊಂಡು ನೋಡಿದ. ನೋವಾಯಿತು. ಅಷ್ಟರಮಟ್ಟಿಗೆ ಸಮಾಧಾನ.

ಆದರೆ ಊಟ ಭರ್ಜರಿಯಾಗಿತ್ತು. ಮೀನಿನ ಸಾರು, ಅಕ್ಕಿರೊಟ್ಟಿ, ಮೇಲೆ ಅನ್ನ. ಹಿಂದಿನ ರಾತ್ರಿ ರೈಲಿನಲ್ಲಿ ಬರೀ ಬುತ್ತಿಯ ಒಣರೊಟ್ಟಿ ತಿಂದಿದ್ದ ಚಂದ್ರಾಮಪ್ಪ ಅಂಜುತ್ತಲೇ ಮೂರು ಸಲ ಹಾಕಿಸಿಕೊಂಡ. ಮುದುಕಿ ಗಾಳಿ ಬೀಸುತ್ತ ತಲೆ ಸವರಿದಳು. ಮತ್ತೆ ಬಡಿಸಹೋದಾಗ ಸಾರು ಅವನ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಅದನ್ನು ಬಿಚ್ಚಿಸಿ, ಕಿಸೆಯಲ್ಲಿದ್ದ ಪಾಸನ್ನು ಕಟ್ಟೆಯ ಮೇಲಿಟ್ಟು, ತೊಳೆದು ಹಗ್ಗದ ಮೇಲೆ ಹರವಿದಳು. ಅಷ್ಟರತನಕ ತೊಟ್ಟಿರಲೆಂದು ಮಗನ ನೀಲಿ ಅಂಗಿ ಕೊಟ್ಟಳು. ಅಳತೆ ಮಾಡಿ ಹೊಲಿದ ಹಾಗೆ ಮೈಗೆ ಕೂತಿತು. ಅದನ್ನು ಕಂಡ ಸಾಬಮ್ಮ, ಗುಹೆ ನೋಡಿ ಬರುತ್ತೇವೆ, ಐದಕ್ಕೆ ಕೊನೆಯ ಲಾಂಚು, ಧಕ್ಕೆಗೆ ಬಂದುಬಿಡ್ರಿ ಎಂದು ದೂರದಿಂದಲೇ ಹೇಳಿ ನಬೀಸಾಬನ ಜೊತೆ ಬಿರಬಿರನೆ ನಡೆದಳು.

ಚಂದ್ರಾಮಪ್ಪ ಚಾಪೆಗೆ ಒರಗಿದ. ಕಣ್ಣು ಹತ್ತಿತು.

ಲಾಂಚಿನ ಭೋಂಗಾ ಕೂಗಿದಾಗ ಎಚ್ಚರವಾಯಿತು. ಬಿಸಿಲು ಇಳಿದಿತ್ತು. ಎದ್ದು ಅಂಗಳಕ್ಕೆ ಬಂದರೆ ಹಗ್ಗ ಬರಿದಾಗಿತ್ತು. ಅಂಗಿ ಇಲ್ಲ, ಕಟ್ಟೆಯ ಮೇಲಿದ್ದ ಪಾಸೂ ಇಲ್ಲ. ಹಗ್ಗದ ಕೆಳಗಿನ ಒಣ ಮಣ್ಣಿನಲ್ಲಿ ಹಸಿ ಹೆಜ್ಜೆಗಳಿದ್ದವು. ಅವು ಸಮುದ್ರದ ಕಡೆಯಿಂದ ಬಂದು, ಹಗ್ಗದ ಬಳಿ ನಿಂತು, ಧಕ್ಕೆಯ ದಾರಿ ಹಿಡಿದಿದ್ದವು.

ಅವನು ಬರಿಗಾಲಲ್ಲಿ ಓಡಿದ. ಧಕ್ಕೆಯ ತುದಿ ಮುಟ್ಟುವಷ್ಟರಲ್ಲಿ ಲಾಂಚು ಹತ್ತು ಮಾರು ದೂರ ಸರಿದಿತ್ತು. ಹಿಂದಿನ ಹಲಗೆಯ ಮೇಲೆ ನಬೀಸಾಬ್ ಕುಳಿತಿದ್ದ, ಸಾಬಮ್ಮ ಕುಳಿತಿದ್ದಳು. ಅವಳ ಮಗ್ಗುಲಲ್ಲಿ ಬಿಳಿ ಅಂಗಿ ತೊಟ್ಟು, ವಾಡಿಯಿಂದ ತಂದ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಚಂದ್ರಾಮಪ್ಪ ಕುಳಿತಿದ್ದ. ಅದೇ ಮೂಗು, ಅದೇ ಜೋಲು ಮೀಸೆ. ತಲೆಗೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಸಾಬಮ್ಮಾ, ನಾ ಇಲ್ಲಿದ್ದೀನಿ. ಅಂವ ನಾ ಅಲ್ಲ," ಎಂದು ಧಕ್ಕೆಯ ಮೇಲೆ ನಿಂತ ಚಂದ್ರಾಮಪ್ಪ ಗಂಟಲು ಹರಿಯುವಂತೆ ಕೂಗಿದ.

ನಬೀಸಾಬ್ ತಿರುಗಿ ನೋಡಿದ. ನೀಲಿ ಅಂಗಿ ಕಂಡದ್ದೇ ಅವನ ಮುಖ ಸುಣ್ಣದಂತಾಯಿತು. ಬಗ್ಗಿ ಸಾಬಮ್ಮನ ಕಿವಿಯಲ್ಲಿ ಏನೋ ಹೇಳಿದ. ಅವಳು ಒಮ್ಮೆ, ಒಂದೇ ಒಮ್ಮೆ ಧಕ್ಕೆಯ ಕಡೆ ಕಣ್ಣು ಹಾಯಿಸಿದಳು. ಆಮೇಲೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ಮಗ್ಗುಲಲ್ಲಿದ್ದ ಗಂಡನ ತೋಳು ಗಟ್ಟಿಯಾಗಿ ಹಿಡಿದು ಅವನಿಗೆ ಇನ್ನಷ್ಟು ಹತ್ತಿರ ಸರಿದು ಕುಳಿತಳು.