ಮೇಷ್ಟ್ರ ಹೆಬ್ಬೆರಳು ಮತ್ತು ಮೊದಲ ರ‍್ಯಾಂಕು

ಮಕ್ಕಳ ಮುಖ ನೋಡಿ ಯಾರು ಡಾಕ್ಟರಾಗುತ್ತಾರೆಂದು ಹೇಳಬಲ್ಲೆ ಎಂಬ ಹೆಸರು ನನಗೆ ಹೇಗೋ ಅಂಟಿಕೊಂಡಿದೆ. ನಂಜನಗೂಡಿನಲ್ಲಿ ವರ್ಷಾನುಗಟ್ಟಲೆ ಜೀವಶಾಸ್ತ್ರ ಪಾಠ ಹೇಳಿ, ಈಗಲೂ ನೀಟ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತಿರುವವನಿಗೆ ಇದು ತಪ್ಪಿದ್ದಲ್ಲ. ತರಕಾರಿ ತರಲು ಹೋದರೂ ಯಾರಾದರೊಬ್ಬ ತಂದೆ ತಡೆದು ನಿಲ್ಲಿಸಿ, ‘ಸಾ, ನಮ್ಮುಡುಗಿ ಡಾಕ್ಟ್ರಾಯ್ತಳಾ?’ ಎನ್ನುತ್ತಾನೆ. ನಾನು ಕೈಯಲ್ಲಿ ಬದನೆಕಾಯಿ ಹಿಡಿದುಕೊಂಡೇ ಭವಿಷ್ಯ ನುಡಿಯುತ್ತೇನೆ. ಸೀಟು ಸಿಗುವವರೆಗೆ ನನ್ನ ಮಾತು ಹೆಚ್ಚುಕಡಿಮೆ ನಿಜವಾಗುತ್ತದೆ. ಮೊದಲ ವರ್ಷದ ಪರೀಕ್ಷೆಗಳವರೆಗೂ ಎಳೆದುಕೊಂಡು ಹೋಗಬಹುದು. ಆಮೇಲೆ ರೋಗಿಗಳು ಬಂದು ಎಲ್ಲ ಕೆಡಿಸುತ್ತಾರೆ. ನನಗೂ ಸಾಕಾಗಿಹೋಗಿದೆ, ಬಿಟ್ಟುಬಿಡೋಣವೆಂದರೆ ಜನ ಬಿಡುವುದಿಲ್ಲ.

ಈ ಸಲ ಎಲ್ಲ ಕೆಡಿಸಿದ ರೋಗಿ ನಾನೇ. ನನಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿ ಮಾಯದೆ ಕೂತಿತ್ತು. ‘ನಿಮ್ಮ ಸ್ವಾಮಿ ಇಲ್ಲೇ ಇದಾನಲ್ಲ, ತೋರಿಸಿ’ ಎಂದಳು ಹೆಂಡತಿ. ಸ್ವಾಮಿ ನನ್ನ ಹಿಂದಿನ ಬೆಂಚಿನ ಶಿಷ್ಯ, ಕೌನ್ಸೆಲಿಂಗಿನ ಕೊನೆಯ ಸುತ್ತಿನಲ್ಲಿ ಹೇಗೋ ಮೆಡಿಕಲ್ ಸೀಟು ಗಿಟ್ಟಿಸಿಕೊಂಡವನು. ಈಗ ನಮ್ಮ ಬೀದಿಯ ತುದಿಯಲ್ಲೇ ಕ್ಲಿನಿಕ್ ಇಟ್ಟಿದ್ದಾನೆ. ಬೆರಳು ನನ್ನದು, ಒಳ್ಳೆಯ ರ‍್ಯಾಂಕಿನವರಿಗೇ ತೋರಿಸುತ್ತೇನೆ ಎಂದು ಹಟ ಹಿಡಿದು, ಹೆಂಡತಿಯನ್ನೂ ಹೊರಡಿಸಿಕೊಂಡು ಟಿ. ನರಸೀಪುರದ ಬಸ್ಸು ಹತ್ತಿದೆ. ಅಲ್ಲಿ ಡಾಕ್ಟರಾಗಿರುವ ಶುಭಾ ನನ್ನ ಶಿಷ್ಯರಲ್ಲೆಲ್ಲ ಒಳ್ಳೆಯ ರ‍್ಯಾಂಕು ತೆಗೆದವಳು.

ನನ್ನನ್ನು ಕಂಡದ್ದೇ ಶುಭಾ ಎದ್ದು ನಿಂತಳು. ನಾನು ಕುರ್ಚಿಯಲ್ಲಿ ಕೂತೆ. ಅಷ್ಟೇ ನೋಡಿ, ತರಗತಿ ಶುರುವಾಯಿತು. ಸಕ್ಕರೆ ಕಾಯಿಲೆಯವರಿಗೆ ಹುಣ್ಣು ಬೇಗ ಮಾಯುವುದಿಲ್ಲ ಯಾಕೆ ಎಂದು ಕೇಳಿದೆ. ನರ, ರಕ್ತನಾಳ ಎಲ್ಲವನ್ನೂ ನಿಂತಲ್ಲೇ ಒಪ್ಪಿಸಿದಳು. ಇನ್ನೊಂದು ಕೇಳಿದೆ, ಅದಕ್ಕೂ ತಡವರಿಸಲಿಲ್ಲ. ಇಬ್ಬರಿಗೂ ಪರಮಾನಂದ. ಮಾತ್ರೆ ಬರೆಸಿಕೊಂಡು, ಶಹಭಾಸ್ ಹೇಳಿ ಹೊರಟುಬಂದೆ.

ಬಸ್ಸು ಹೊರಡುವ ಮೊದಲೇ ಹೆಂಡತಿಗೆ ಶುಭಾಳ ಫೋನು ಬಂತು, ಪಕ್ಕದಲ್ಲಿದ್ದ ನನಗೂ ಕೇಳಿಸಿತು. ‘ಆಂಟಿ, ಸಾರ್ ಎದುರಿಗೆ ನಾನಿನ್ನೂ ಸೆಕೆಂಡ್ ಪಿಯುಸಿ. ಕಾಲು ನೋಡೋದೇ ಮರೆತುಬಿಟ್ಟೆ! ವಾಪಸ್ ಬಂದ್ರೆ ಮತ್ತೆ ಪ್ರಶ್ನೆ ಕೇಳ್ತಾರೆ. ಇವತ್ತೇ ಸ್ವಾಮಿ ಹತ್ರ ತೋರಿಸಿ. ಅವನು ಮೊದಲಿಂದಲೂ ಸಾರ್ ಮಾತು ಕೇಳೋನಲ್ಲ.’

ಊರಿಗೆ ಬಂದು ಕ್ಲಿನಿಕ್ಕಿಗೆ ಹೋದರೆ, ನನ್ನನ್ನು ಕಂಡರೂ ಸ್ವಾಮಿ ಕೂತೇ ಇದ್ದ. ನಾನು ಪ್ರಶ್ನೆ ಕೇಳಲು ಬಾಯಿ ತೆರೆದೆ. ‘ಅದೆಲ್ಲ ಆಮೇಲೆ ಸಾ. ಮೊದ್ಲು ಕಾಲ್ಚೀಲ ಬಿಚ್ಚಿ’ ಎಂದ. ಬಿಚ್ಚಿದೆ. ಅವನ ಮುಖದ ನಗು ಹೋಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

‘ಇನ್ನೊಂದ್ವಾರ ಬಿಟ್ಟಿದ್ರೆ ಬೆರಳೇ ತೆಗೀಬೇಕಾಗ್ತಿತ್ತು ಸಾ. ಬರಿಗಾಲಲ್ಲಿ ಓಡಾಡ್ತೀರಾ?’

‘ಇಲ್ಲಪ್ಪ’ ಎಂದೆ.

ಅವನು ನನ್ನ ಹೆಂಡತಿಯ ಕಡೆ ನೋಡಿದ. ‘ದಿನಾ’ ಎಂದಳು ಅವಳು.

ಹುಣ್ಣು ತೊಳೆದು, ಕಟ್ಟು ಹಾಕಿ, ದಿನವೂ ಬಂದು ತೋರಿಸಬೇಕೆಂದು ಅಪ್ಪಣೆ ಮಾಡಿದ. ಬೆರಳು ಉಳಿಯುತ್ತದಂತೆ. ಕುಂಟುತ್ತ ಹೊರಗೆ ಬಂದರೆ, ತಾಂಡ್ಯದ ಫ್ಯಾಕ್ಟರಿಗೆ ಹೋಗುವ ಒಬ್ಬಾತ ಬೆಂಚಿನಿಂದ ಎದ್ದು ಕೈಮುಗಿದ. ಅವನ ಮಗಳು ನನ್ನ ಪಾಠಕ್ಕೆ ಬರುತ್ತಾಳೆ.

‘ಸಾ, ನಮ್ಮುಡುಗಿ ಡಾಕ್ಟ್ರಾಯ್ತಳಾ?’

‘ನಾನು ಹೇಳಿದ್ದೆಲ್ಲ ಕೇಳ್ತಾಳೇನಪ್ಪ?’

‘ಒಂದಕ್ಸರ ಬುಡಕಿಲ್ಲ ಸಾ. ನಿಮ್ಮ್ ಕಂಡ್ರೆ ಎದ್ದು ನಿಂತ್ಕತಾಳೆ.’

ನನಗೆ ಬೆರಳು ಚುಳ್ಳೆಂದಿತು. ಹೆಂಡತಿಯ ಭುಜ ಹಿಡಿದುಕೊಂಡೆ.

‘ಆಗ್ತಾಳೆ ಕಣಪ್ಪ’ ಎಂದೆ. ‘ಆದ್ಮೇಲೆ ನಾನೇನಾದ್ರೂ ಬಂದ್ರೆ ಮಾತ್ರ, ಕೂತೇ ಇರೋಕೆ ಹೇಳು.’