ಧರ್ಮಕ್ಕೆ ಸಿಗುವ ಪಾಠಗಳೂ ನಮ್ಮ ಮಾಮಿಯೂ

ನಮ್ಮ ಮಾಮಿಯನ್ನು ನಾನು ಕಳ್ಳಸಾಗಣೆದಾರರೆಂದು ಕರೆದರೆ ಬನ್ನಂಜೆಯ ಅವರ ನೆರೆಹೊರೆಯವರು ನನ್ನನ್ನು ಸುಮ್ಮನೆ ಬಿಡಲಾರರು. ಆದರೆ ಕಾರ್ಕಳದ ಅವರ ಕಾಲೇಜಿನ ಅಧ್ಯಾಪಕರನ್ನು ಕೇಳಿ ನೋಡಿ! ಎರಡು ಸಾವಿರದ ಇಸವಿ ಕಳೆದ ಆ ಮೊದಲ ವರ್ಷಗಳಲ್ಲಿ, ಮಾಮಿಯ ಬ್ಯಾಗಿನ ಜಿಪ್ಪು ಸರಿದ ಸದ್ದು ಕೇಳಿದರೆ ಸಾಕು, ಸ್ಟಾಫ್ ರೂಮು ಹಿಂಬಾಗಿಲಿನಿಂದ ಖಾಲಿಯಾಗುತ್ತಿತ್ತು. ಬ್ಯಾಗಿನಲ್ಲಿದ್ದುದು ಚಿನ್ನವಲ್ಲ, ದುಬೈ ವಾಚುಗಳೂ ಅಲ್ಲ, ಸಿ.ಡಿ.ಗಳು. ಅವುಗಳಲ್ಲಿದ್ದುದು ಪಾಠ. ಯಾರು ಬೇಕಾದರೂ ಓದಿ, ನಕಲು ಮಾಡಿ, ತಿದ್ದಿ, ಮೂಲ ಬರೆದವರ ಹೆಸರು ಹೇಳಿದರೆ ಸಾಕು ಎಂದು ದೂರದೇಶದ ಅಧ್ಯಾಪಕರು ಅಂತರಜಾಲದಲ್ಲಿ ಬಿಟ್ಟುಕೊಟ್ಟ ಪಾಠ. ಅನುಮತಿಯಿರುವ ಸರಕನ್ನೇ ಜನರನ್ನು ಅಟ್ಟಿಸಿಕೊಂಡು ಹೋಗಿ ಹಂಚಿದ ಕಳ್ಳಸಾಗಣೆದಾರರು ಲೋಕದಲ್ಲಿ ಬೇರೆ ಯಾರಿದ್ದಾರೆ?

ಮಾಮಿ ನನ್ನ ಅಪ್ಪನ ತಂಗಿ, ಆ ಕಾಲೇಜಿನ ಗ್ರಂಥಪಾಲಕಿ. ನಾನು ಅಲ್ಲಿಯೇ ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಗ್ರಂಥಾಲಯದ ಏಕೈಕ ಕಂಪ್ಯೂಟರಿನಲ್ಲಿ ಒಂದು ಹೂವಿನ ಚಿತ್ರ ಇಳಿಯುವಷ್ಟರಲ್ಲಿ ನಿಜವಾದ ಗಿಡವೇ ಹೂ ಬಿಡುತ್ತಿತ್ತು. ಆದ್ದರಿಂದ ಅವರು ರಜಾದಿನಗಳನ್ನೆಲ್ಲ ಮಣಿಪಾಲದ ಸೈಬರ್ ಕೆಫೆಯಲ್ಲಿ ಕಳೆದು ಸಿ.ಡಿ. ತುಂಬಿಸಿಕೊಳ್ಳುತ್ತಿದ್ದರು.

ಈ ಕೆಲಸದಿಂದ ಅವರಿಗೊಂದು ರೋಗ ಹತ್ತಿತು. ಯಾವುದನ್ನು ಕಂಡರೂ ಮೂಲ ಯಾರದು ಎಂದು ಕೇಳುವುದು! ಅವರ ಉಪ್ಪಿನಕಾಯಿ ಭರಣಿಯ ಮೇಲೊಂದು ಚೀಟಿ: ‘ಮೂಲ: ಅಮ್ಮ. ತಿದ್ದುಪಡಿ: ಸಾಸಿವೆ ಹೆಚ್ಚು. ಯಾರು ಬೇಕಾದರೂ ಮಾಡಬಹುದು, ಅಮ್ಮನ ಹೆಸರು ಹೇಳತಕ್ಕದ್ದು.’ ಸಾಸಿವೆ ಹೆಚ್ಚು ಹಾಕಿದವರು ಯಾರು? ಅದನ್ನು ಚೀಟಿ ಹೇಳುತ್ತಿರಲಿಲ್ಲ.

ಕಾಪುವಿನಲ್ಲೊಂದು ಮದುವೆಯ ಊಟ. ಪಂಕ್ತಿಯಲ್ಲಿ ಕುಳಿತ ರಸಾಯನಶಾಸ್ತ್ರದ ಉಪನ್ಯಾಸಕರೊಬ್ಬರ ಪಕ್ಕಕ್ಕೇ ಮಾಮಿ ಹೋಗಿ ಕುಳಿತರು. ಎಲೆಯ ಮುಂದಿನಿಂದ ಏಳಲಾದೀತೇ?

“ಸರ್, ನಿಮಗೆ ಬೇಕಾದ ಪಾಠ ಬಂದುಂಟು.”

“ಊಟ ಆಗಲಿ ಮೇಡಂ.”

“ಊಟ ಆದ್ಮೇಲೆ ನೀವು ಸಿಗುವುದಿಲ್ಲಲ್ಲ ಮಾರಾಯ್ರೆ!”

ಮಟ್ಟು ಊರಿನ ಬದನೆ, ಮಟ್ಟುಗುಳ್ಳದ ಸಾಂಬಾರು ಬಡಿಸುವಷ್ಟರಲ್ಲಿ ಸಿ.ಡಿ. ಅವರ ಅಂಗಿಯ ಜೇಬು ಸೇರಿತ್ತು. ಅದು ಜೇಬಿನಿಂದ ತರಗತಿಗೆ ಬರಲಿಲ್ಲವೆಂಬುದು ಬೇರೆ ಮಾತು.

ಇಷ್ಟರಲ್ಲಿ ಪ್ರಾಂಶುಪಾಲರು ತೀರ್ಪಿತ್ತರು: “ಮಾರ್ಚ್ ಒಳಗೆ ಒಬ್ಬರಾದರೂ ಈ ಪಾಠ ಕ್ಲಾಸಿನಲ್ಲಿ ಮಾಡಬೇಕು. ಇಲ್ಲದಿದ್ದರೆ ನಿಮ್ಮ ಕಂಪ್ಯೂಟರು ಆಫೀಸಿಗೆ ಬೇಕು ಮೇಡಂ.”

ಮಾಮಿ ಕೊನೆಯ ಗುರಿಯಾಗಿ ಆರಿಸಿಕೊಂಡದ್ದು ಯಾರನ್ನು? ಅದೇ ಮಾರ್ಚಿನಲ್ಲಿ ನಿವೃತ್ತರಾಗಲಿದ್ದ, ನಮ್ಮ ವಿಭಾಗದ ಸಿಡುಕು ಪ್ರೊಫೆಸರರನ್ನು! ಅವರ ನೋಟ್ಸು ಎಷ್ಟು ಹಳೆಯದೆಂದರೆ, ಹಾಳೆಗಳು ಪುಡಿಯಾದಾವೆಂದು ತರಗತಿಯಲ್ಲಿ ಫ್ಯಾನು ಹಾಕಲು ಬಿಡುತ್ತಿರಲಿಲ್ಲ. ಬೇಸಗೆಯಲ್ಲೂ ನಾವು ಬೆವರೊರೆಸುತ್ತ ಬರೆದುಕೊಳ್ಳಬೇಕಿತ್ತು. ಸಿ.ಡಿ.ಯನ್ನು ಅವರು ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಪುಸ್ತಕ ಅಂದ್ರೆ ರಟ್ಟು ಉಂಟು, ಬೆನ್ನು ಉಂಟು. ಇದೆಂತದು, ನೀರುದೋಸೆಯ ಹಾಗೆ? ಅದೂ ಕಾಸಿಲ್ಲದೆ ಧರ್ಮಕ್ಕೆ ಸಿಗುವುದು!”

“ಗಾಳಿಯೂ ಧರ್ಮಕ್ಕೇ ಸಿಗುವುದು ಸರ್.”

ನನ್ನ ನೆತ್ತರು ಕುದಿಯಿತು. ವರ್ಷಗಟ್ಟಲೆ ಒಂದೇ ಕಾಗದವನ್ನು ಓದುವವರು ವಿದ್ಯಾರ್ಥಿಗಳಿಗೆ ಉತ್ತರದಾಯಿಗಳಲ್ಲವೇ ಎಂದು ಪ್ರಶ್ನಿಸಿ ಅರ್ಜಿ ಬರೆದೆ. ಇಡೀ ತರಗತಿಯ ಸಹಿ ಹಾಕಿಸಿದೆ. ಮಾಮಿ ಅದನ್ನು ಮನೆಗೆ ಮರಳುವ ಬಸ್ಸಿನಲ್ಲಿ ಪರ್ಕಳ ದಾಟುವಷ್ಟರಲ್ಲಿ ಓದಿ ಮುಗಿಸಿ, ಮಡಚಿ ಬ್ಯಾಗಿಗೆ ಹಾಕಿಕೊಂಡರು.

“ಬರೆದದ್ದೆಲ್ಲ ಸತ್ಯ, ಮಗಾ. ಆದರೆ ಹೆದರಿದ ಮನುಷ್ಯ ಹೊಸತು ಓದ್ತಾನಾ? ನಂಗೆ ಹತ್ತು ದಿನ ಕೊಡು. ಆಮೇಲೆ ಎಂತ ಬೇಕಾದ್ರೂ ಮಾಡು, ಆಯ್ತಾ?”

ಮೂರೇ ದಿನಗಳಲ್ಲಿ ಆ ಪಾಠಗಳೆಲ್ಲ ಮುದ್ರಣಗೊಂಡು, ಕೆಂಪು ಬಟ್ಟೆಯ ಬೈಂಡು ತೊಟ್ಟು, ಬೆನ್ನ ಮೇಲೆ ಚಿನ್ನದಕ್ಷರ ಹೊತ್ತು ಪ್ರೊಫೆಸರರ ಮೇಜಿನ ಮೇಲಿದ್ದವು. ರಟ್ಟೂ ಇತ್ತು, ಬೆನ್ನೂ ಇತ್ತು. ಓದದಿರಲು ನೆಪ ಎಲ್ಲಿಂದ ತರುವುದು? ಅದರ ಮರುದಿನ ಅವರು ಗ್ರಂಥಾಲಯಕ್ಕೆ ಗುಡುಗುತ್ತ ಬಂದರು.

“ಮೇಡಂ, ಎಲ್ಲಿ ನೋಡಿದರೂ ಮೇಪಲ್ ಮರ! ನಮ್ಮ ಕಾರ್ಕಳದ ಮಕ್ಕಳು ಮೇಪಲ್ ಎಲ್ಲಿ ನೋಡಿದ್ದಾರೆ?”

“ಹೌದಲ್ಲ ಸರ್. ತಿದ್ದಿ.”

“ಅಷ್ಟು ದೊಡ್ಡ ವಿದ್ವಾಂಸರು ಬರೆದದ್ದನ್ನು ನಾನು ತಿದ್ದುವುದಾ?”

“ತಿದ್ದಬಹುದು ಅಂತ ಅವರೇ ಮೊದಲ ಪುಟದಲ್ಲಿ ಬರೆದಿದ್ದಾರೆ.” ಮಾಮಿ ಒಂದು ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟರು.

ಓದುಗರೇ, ನಮ್ಮ ಪ್ರೊಫೆಸರರೊಬ್ಬರಿಗೆ ಪರದೇಶದ ಪ್ರೊಫೆಸರರ ಬರಹವನ್ನು ಕೆಂಪು ಶಾಯಿಯಲ್ಲಿ ತಿದ್ದುವ ಅಧಿಕಾರ ಸಿಗುವುದಕ್ಕಿಂತ ದೊಡ್ಡ ಸುಖ ಈ ಭೂಮಿಯ ಮೇಲೆ ಉಂಟೇ? ಮೇಪಲ್ ಬುಡಸಮೇತ ಉರುಳಿತು. ಅಲ್ಲಿ ಹಲಸು ಎದ್ದಿತು. ಯಾವುದೋ ಶೀತದೇಶದ ಹೂವಿನ ಜಾಗಕ್ಕೆ ಗುಳ್ಳದ ಹೂ ಬೇಕೆಂದು ಅವರು ನಮ್ಮನ್ನು ಮಟ್ಟುವಿಗೇ ಅಟ್ಟಿ ಚಿತ್ರ ಬರೆಸಿದರು. ಒಂದು ಬೆಳಗ್ಗೆ ಹಳೆಯ ನೋಟ್ಸನ್ನು ಮನೆಯಲ್ಲೇ ಬಿಟ್ಟು, ಕೆಂಪು ಪುಸ್ತಕ ಹಿಡಿದು ತರಗತಿಗೆ ಬಂದರು.

ಅಂದು ನಮ್ಮ ತರಗತಿಯಲ್ಲಿ ಫ್ಯಾನು ತಿರುಗಿತು.

ಮಾತಿನಂತೆ ಹತ್ತನೆಯ ದಿನ ಮಾಮಿ ನನ್ನ ಅರ್ಜಿಯನ್ನು ಹಿಂತಿರುಗಿಸಿದರು. ಅದರ ಹಿಂಬದಿ ಖಾಲಿಯಿತ್ತು. ಗುಳ್ಳದ ಹೂವಿನ ಇನ್ನೊಂದು ಚಿತ್ರ ಬರೆದುಕೊಂಡೆ. ಆದರೆ ನನ್ನ ಪ್ರಶ್ನೆಯನ್ನು ನಾನು ಹಿಂತೆಗೆದುಕೊಂಡಿಲ್ಲ. ಕಂಪ್ಯೂಟರು ಗ್ರಂಥಾಲಯದಲ್ಲೇ ಉಳಿಯಿತು, ಸರಿ; ವಾರ್ಷಿಕ ವರದಿಯಲ್ಲಿ ಈ ಕೆಲಸ ‘ನಮ್ಮ ಸಂಸ್ಥೆಯ ಸಾಧನೆ’ ಎಂದೂ ಅಚ್ಚಾಯಿತು! ಒಬ್ಬ ಹೆಂಗಸು ರಜೆಯಲ್ಲೆಲ್ಲ ಒಂಟಿಯಾಗಿ ಅಲೆಯುತ್ತಿದ್ದಾಗ ಆ ಸಂಸ್ಥೆ ಎಲ್ಲಿತ್ತು?

ತಿದ್ದಿದ ಪಾಠಗಳನ್ನು ಅಂತರಜಾಲಕ್ಕೇರಿಸುವ ಮುನ್ನ ಮಾಮಿ ಕೊನೆಯ ಕರಡನ್ನು ಪ್ರೊಫೆಸರರಿಗೆ ಕಳುಹಿಸಿದರು. ಮೊದಲ ಪುಟದಲ್ಲಿ ಎಲ್ಲರೂ ಇದ್ದರು: ಮೂಲ ಬರೆದವರು, ತಿದ್ದಿದ ಪ್ರೊಫೆಸರರು, ಚಿತ್ರ ಬರೆದ ನಾವು. ನಿವೃತ್ತಿಯ ದಿನ ಆ ಪುಟ ಕೆಂಪು ಶಾಯಿ ಹೊತ್ತು ಮರಳಿತು: ‘ಪಟ್ಟಿ ಅಪೂರ್ಣ. ತಂದುಕೊಟ್ಟವರ ಹೆಸರಿಲ್ಲ. ಐದು ಅಂಕ ಕಡಿತ.’ ಕೆಳಗೆ ಮಾಮಿಯ ಪೂರ್ಣ ಹೆಸರು, ದುಂಡಗಿನ ಅಕ್ಷರಗಳಲ್ಲಿ.

ಮಾಮಿ ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು. “ಈ ಸರ್‌ಗೆ ತಪ್ಪು ಹಿಡಿಯುವುದೇ ಒಂದು ಚಟ, ಅಲ್ವಾ?” ಎಂದರು. ಆ ತಪ್ಪೊಂದನ್ನು ಮಾತ್ರ ಮಾಮಿ ತಿದ್ದಲಿಲ್ಲ. ಪಾಠಗಳು ಅವರ ಹೆಸರಿಲ್ಲದೆಯೇ ಲೋಕಕ್ಕೆ ಹೋದವು.

ಮೊನ್ನೆ ಬನ್ನಂಜೆಗೆ ಹೋಗಿದ್ದಾಗ, ಮಾಮಿಯ ಕಪಾಟಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಆ ಪುಟವನ್ನು ಕಂಡೆ. “ಮಾಮಿ, ಇದರ ಒಂದು ಜೆರಾಕ್ಸ್ ತೆಗೆದುಕೊಳ್ಳಲಾ?” ಎಂದೆ. ಲೋಕಕ್ಕೆಲ್ಲ ನಕಲು ಹಂಚಿದವರು ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು.

“ಅದು ಮಾತ್ರ ಆಗುವುದಿಲ್ಲ, ಮಗಾ. ಇದೊಂದು ನನ್ನದು.”