ಬೀಜದ ಡಾಕ್ಟರ್

ನಮ್ಮ ಮೈಯ ಕೆಲವು ಭಾಗಗಳಿಗೆ ಕನ್ನಡದಲ್ಲಿ ಎರಡೇ ಬಗೆಯ ಹೆಸರುಗಳಿವೆ. ಒಂದು ಪಠ್ಯಪುಸ್ತಕದ್ದು, ಇನ್ನೊಂದು ಬೀದಿಜಗಳದ್ದು. ಮೊದಲನೆಯದು ಯಾರಿಗೂ ಅರ್ಥವಾಗುವುದಿಲ್ಲ. ಎರಡನೆಯದು ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಹಿರಿಯರ ಮುಂದೆ ಆಡುವಂತಿಲ್ಲ. ಬೇರೆಯವರಿಗೆ ಇದರಿಂದ ಏನೂ ತೊಂದರೆಯಿಲ್ಲ. ನನಗೆ ಮಾತ್ರ ಇದು ಹೊಟ್ಟೆಪಾಡಿನ ಪ್ರಶ್ನೆ. ಸೇಡಂನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಡಾಕ್ಟರೇಟ್ ಪಡೆದದ್ದು, ಹೊರಗಿನಿಂದ ದೇಹ ಸೇರುವ ರಾಸಾಯನಿಕಗಳು ಗಂಡಿನ ಸಂತಾನಶಕ್ತಿಯನ್ನು ಹೇಗೆ ಕುಂದಿಸುತ್ತವೆ ಎಂಬ ವಿಷಯಕ್ಕೆ. ಮದುವೆ ಮನೆಯಲ್ಲಿ ಯಾರಾದರೂ "ಯಾತರ ಮ್ಯಾಲ ರಿಸರ್ಚ್ ಮಾಡಾಕತ್ತೀರಿ?" ಎಂದು ಕೇಳಿದರೆ "ಇಲಿ" ಎಂದಷ್ಟೇ ಹೇಳಿ ಹೋಳಿಗೆಯ ಕಡೆ ತಿರುಗಿಬಿಡುತ್ತೇನೆ. ಹೀಗಾಗಿ ಬಂಧುಬಳಗದಲ್ಲಿ ಅರ್ಧ ಜನ ನಾನು ಇಲಿಪಾಷಾಣ ತಯಾರಿಸುತ್ತೇನೆಂದು ನಂಬಿದ್ದಾರೆ. ಒಮ್ಮೆ ಧೈರ್ಯ ಮಾಡಿ ಹೆಂಡತಿಯ ಸೋದರಮಾವನಿಗೆ "ಫಾರಿನ್ ಕೆಮಿಕಲ್" ಎಂದು ವಿವರಿಸಲು ಹೋದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, "ನಮಗೇನ್ ಚಿಂತಿ ಇಲ್ಲ ಬಿಡ್ರಿ, ನಮ್ಮ ಅಂಗಡಿಯಾಗ ಸಿಗೋದೆಲ್ಲಾ ದೇಸಿ ಮಾಲ" ಎಂದು ನೆಮ್ಮದಿಯಾಗಿ ಎಲೆ ಅಡಿಕೆ ಹಾಕಿಕೊಂಡರು.

ಹೀಗೆ ಇಲಿಯ ಹಿಂದೆ ಅಡಗಿಕೊಂಡೇ ನಾನು ನಿವೃತ್ತಿಯವರೆಗೂ ತಳ್ಳಿಬಿಡುತ್ತಿದ್ದೆನೇನೋ. ಅಡ್ಡ ಬಂದದ್ದು ಚಂದ್ರಕಾಂತ. ಇವನು ನನ್ನ ಹೆಂಡತಿ ಶೈಲಜಾಳ ತಮ್ಮ, ಚಿಂಚೋಳಿ ಕಡೆಯ ಕೊಡ್ಲಿಯಲ್ಲಿ ಒಕ್ಕಲುತನ ಮಾಡುತ್ತಾನೆ. ತೊಗರಿ ಹೂವಿಗೆ ಬಂದಾಗ ಪಂಪು ಬೆನ್ನಿಗೇರಿಸಿ, ಮೂಗಿಗೊಂದು ಟವಲು ಸುತ್ತಿ, ಬರಿಗೈಯಲ್ಲೇ ಹುಳದ ಔಷಧ ಕಲಸಿ ಹೊಡೆಯುವವನು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ಅವನ ಹೆಂಡತಿ ಸುವರ್ಣಾಳ ಕೊರಳಲ್ಲಿ ತಾಳಿ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ದಾರ, ಅಷ್ಟು ತಾಯಿತ. ದರ್ಗಾ, ಮಠ, ಕಲಬುರಗಿಯ ದವಾಖಾನೆ ಎಲ್ಲ ಕಡೆಗೂ ಆಕೆಯೊಬ್ಬಳನ್ನೇ ಕರೆದೊಯ್ದಿದ್ದರು. ಕಳೆದ ಬೇಸಿಗೆಯಲ್ಲಿ ನಮ್ಮತ್ತೆ ಸೇಡಂಗೆ ಬಂದವರು ನನ್ನೆದುರು ಸೆರಗು ಸರಿಮಾಡಿಕೊಂಡು, "ಅಳಿಯಂದ್ರ, ಭಂಕೂರದಾಗ ಒಂದು ಹುಡುಗಿ ಅದಾ ಅಂತ್ರಿ. ಚಂದ್ರೂಗ ಇನ್ನೊಂದು ಲಗ್ನ ಮಾಡಮಂತ ಮಂದಿ ಅನ್ನಾಕತ್ತಾರ" ಎಂದರು. ಒಳಗೆ ಶೈಲಜಾ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು. ಆ ರಾತ್ರಿ ಅವಳು ಕೇಳಿದ್ದು ಒಂದೇ ಮಾತು: "ಇಷ್ಟು ವರ್ಷ ಗಂಡಿಲಿಗಳ ಹಿಂದ ಓಡಾಡೀರಿ. ನಮ್ಮ ತಮ್ಮಗ ಒಂದು ಮಾತು ಹೇಳಾಕ ಆಗೂದಿಲ್ಲೇನ್ರಿ?"

ಆಗುವುದಿಲ್ಲ ಎಂಬುದೇ ಸಂಕಟ. ನನಗೂ ಚಂದ್ರಕಾಂತನಿಗೂ ಇರುವುದು ಚೇಷ್ಟೆಯ ಸಂಬಂಧ. ನಾನು ಅವನ ಮೀಸೆಗೆ ಅನ್ನುತ್ತೇನೆ, ಅವನು ನನ್ನ ಬೋಳುತಲೆಗೆ ಅನ್ನುತ್ತಾನೆ. ಅದರ ನಡುವೆ "ನಿನ್ನನ್ನೂ ಒಮ್ಮೆ ಪರೀಕ್ಷೆ ಮಾಡಿಸೋಣ" ಎಂದರೆ ಅದನ್ನೂ ಚೇಷ್ಟೆ ಎಂದೇ ತಿಳಿದು ನಕ್ಕುಬಿಡುತ್ತಾನೆ, ಇಲ್ಲವೇ ನಗುವುದನ್ನೇ ಬಿಟ್ಟುಬಿಡುತ್ತಾನೆ. ಆದ್ದರಿಂದ ಒಬ್ಬನಿಗೆ ಹೇಳಲಾಗದ ಮಾತನ್ನು ಊರಿಗೇ ಹೇಳುವುದೆಂದು ತೀರ್ಮಾನಿಸಿದೆ. ಕೊಡ್ಲಿಯ ಸಮುದಾಯ ಭವನದಲ್ಲಿ ಒಂದು ಉಪನ್ಯಾಸ! ಕೇಳುವವರಲ್ಲಿ ಅವನೂ ಒಬ್ಬ. ಹೆಣ್ಣುಮಕ್ಕಳೂ ಬರಬಹುದೆಂದು ತುಂಬ ಯೋಚಿಸಿ, ಪುಸ್ತಕದ್ದೂ ಅಲ್ಲದ ಜಗಳದ್ದೂ ಅಲ್ಲದ ಒಂದು ಮರ್ಯಾದಸ್ಥ ಶಬ್ದವನ್ನು ಹುಡುಕಿ ವಿಷಯ ಬರೆದು ಕಳಿಸಿದೆ: "ಬೀಜದ ಮೇಲೆ ರಾಸಾಯನಿಕಗಳ ಪರಿಣಾಮ". ಅದು ಮಿರಗದ ಮಳೆ ಬೀಳುವ ಕಾಲ, ಬಿತ್ತನೆಗೆ ಊರೆಲ್ಲ ತುದಿಗಾಲಲ್ಲಿ ನಿಂತಿರುತ್ತದೆ ಎಂಬುದು ಮಾತ್ರ ಈ ಪಂಡಿತನ ತಲೆಗೆ ಹೊಳೆಯಲಿಲ್ಲ.

ಕಾಳಗಿಯಲ್ಲಿ ಬಸ್ ಬದಲಿಸಿ ಕೊಡ್ಲಿಯಲ್ಲಿ ಇಳಿಯುವಾಗಲೇ ಗುಡಿಯ ಮೈಕು ಕೂಗುತ್ತಿತ್ತು: "ಸೇಡಂದಿಂದ ಬೀಜದ ಡಾಕ್ಟರ್ ಬರಾಕತ್ತಾರ. ಎಲ್ಲಾರೂ ಚೀಲ ತಗೊಂಡು ಬರ್ರಿ." ಚೀಲದ ಮಾತು ಪಂಚಾಯಿತಿ ಮೆಂಬರು ತಮ್ಮ ಔದಾರ್ಯದಿಂದ ಸೇರಿಸಿದ್ದು. ಭವನ ಕಿಕ್ಕಿರಿದು ತುಂಬಿತ್ತು. ಕಾಲೇಜಿನಲ್ಲಿ ಹಾಜರಿ ಹಾಕುತ್ತೇನೆಂದು ಹೆದರಿಸಿದರೂ ನನಗೆ ಅಷ್ಟು ಜನ ಸಿಕ್ಕಿದ್ದಿಲ್ಲ. ಎಲ್ಲರ ತೊಡೆಯ ಮೇಲೂ ಖಾಲಿ ಚೀಲ. ಮುಂದಿನ ಸಾಲಿನಲ್ಲಿ ನಮ್ಮತ್ತೆ, ಅವರ ಪಕ್ಕ ಸುವರ್ಣಾ, ಹಿಂದೆ ಕಂಬಕ್ಕೊರಗಿ ಚಂದ್ರಕಾಂತ. ನಾನು ಗಂಟಲು ಸರಿಮಾಡಿಕೊಂಡು, ಬೀಜ ಭಾಳ ನಾಜೂಕು, ಹೊಡೆಯುವ ಔಷಧ ಮೈಗೆ ತಾಗಿದರೆ ಬೀಜದ ಸಂಖ್ಯೆ ಕಡಿಮೆಯಾಗಬಹುದು, ಈಜುವ ಶಕ್ತಿಯೂ ಕುಗ್ಗಬಹುದು ಎಂದೆ. ಬಸಣ್ಣ ಮುತ್ಯಾ ಎಂಬ ಹಿರಿಯರು ಚೀಲ ಹಿಡಿದೇ ಎದ್ದುನಿಂತರು. "ಡಾಕ್ಟರ್ ಸಾಬ್ರ, ನೀರಾಗ ತೇಲೋ ಬೀಜ ಪೊಳ್ಳು ಇರ್ತಾವ. ಅವು ನಾವು ತಗದು ಒಗೀತೀವ್ರಿ. ಈಜೋ ಬೀಜ ಎಲ್ಲಿ ನೋಡೀರಿ?"

ಭವನ ನಕ್ಕಿತು. ನನಗೆ ಆಗ ಎಲ್ಲವೂ ಅರ್ಥವಾಯಿತು, ಬಾಗಿಲ ಕಡೆಗೂ ನೋಡಿದೆ. ಆದರೆ ಮುಂದಿನ ಸಾಲಿನಲ್ಲಿ ತಲೆತಗ್ಗಿಸಿ ಕೂತಿದ್ದ ಸುವರ್ಣಾ ಕಂಡಳು. ನಗುವ ಗುಂಪಿನಲ್ಲಿ ಅವಳೊಬ್ಬಳೇ ಕೊರಳ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಮುತ್ಯಾನಿಗೆ ಉತ್ತರಿಸುವವನಂತೆ ಚಂದ್ರಕಾಂತನನ್ನೇ ನೋಡುತ್ತ ಹೇಳಿಬಿಟ್ಟೆ: "ಬೆಳಿ ಬರ್ಲಿಲ್ಲಂದ್ರ ಎಲ್ಲಾರೂ ಹೊಲಕ್ಕೇ ಬೈತೀರಿ. ಹೊಲದ ತಪ್ಪೇನು? ಒಮ್ಮಿ ಬೀಜಾನೂ ತಪಾಸ್ ಮಾಡಿಸ್ರಿ." ನಮ್ಮತ್ತೆ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿ, "ಖರೇ ಅದಾರಿ ಅಳಿಯಂದ್ರ, ಹೊಲಕ್ಕ ಬೈಬಾರದು" ಎಂದರು. ಸುತ್ತಲಿದ್ದವರೆಲ್ಲ ಮತ್ತೆ ನಕ್ಕರು, ಚಂದ್ರಕಾಂತ ಮಾತ್ರ ನಗಲಿಲ್ಲ. ಜನ ಖಾಲಿ ಚೀಲ ಕೊಡವಿಕೊಂಡು, ನನ್ನ ಬಗ್ಗೆ ಒಳ್ಳೆಯ ಮಾತನ್ನೇನೂ ಆಡದೆ ಮನೆಗೆ ಹೋದರು. ಸೇಡಂಗೆ ಬಂದ ಮೇಲೆ ಶೈಲಜಾ ಕೂಡ ಬಿಡಲಿಲ್ಲ: "ಹೆಣ್ಣಂದ್ರ ಹೊಲ ಏನ್ರಿ? ಬ್ಯಾರೆ ಮಾತು ಸಿಗಲಿಲ್ಲೇನು?" ಸಿಗಲಿಲ್ಲ ಎಂಬುದನ್ನು ಆರಂಭದಲ್ಲೇ ನಿಮಗೆ ಹೇಳಿದ್ದೇನೆ.

ಕೆಲವು ದಿನ ಬಿಟ್ಟು ಚಂದ್ರಕಾಂತನ ಫೋನ್ ಬಂತು. "ಮಾಮಾ, ಆ ತಪಾಸ್ ಎಲ್ಲಿ ಮಾಡ್ತಾರ?" ತೊಗರಿಯದೋ ಎಂದು ಕೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ಅವನೇ ಮುಂದುವರಿಸಿದ: "ಕಲಬುರಗಿ ಬ್ಯಾಡ್ರಿ, ಅಲ್ಲಿ ಕೊಡ್ಲಿ ಮಂದಿ ಭಾಳ ಸಿಗ್ತಾರ. ಶಹಾಬಾದಕ್ಕ ಹೋಗೋಣ್ರಿ. ಮತ್ತ ನಾ ಒಬ್ಬಾಂವ ಮಾಡಿಸ್ಕೊಳ್ಳಂಗಿಲ್ಲ. ನೀವೂ ಮಾಡಿಸ್ಕೋಬೇಕು." ಎರಡು ಮಕ್ಕಳ ತಂದೆಯಾದ ನಾನು ವಿಜ್ಞಾನಕ್ಕಾಗಿ ಒಪ್ಪಿಕೊಂಡೆ. ಶಹಾಬಾದದ ಆ ಪುಟ್ಟ ಪ್ರಯೋಗಾಲಯದಲ್ಲಿ ಕೊಡ್ಲಿಯವರು ಯಾರೂ ಇರಲಿಲ್ಲ. ಎರಡು ಪ್ಲಾಸ್ಟಿಕ್ ಡಬ್ಬಿ ಹಿಡಿದು ಹೊರಬಂದ ಹುಡುಗಿ ಮಾತ್ರ ನನ್ನ ಹಳೆಯ ವಿದ್ಯಾರ್ಥಿನಿ. "ಸರ್, ನಮಸ್ಕಾರ್ರಿ. ನೀವೂ?" ಎಂದಳು. ನಾನು "ರಿಸರ್ಚ್" ಎಂದೆ. ನನ್ನ ಜೀವಮಾನದಲ್ಲಿ ಆ ಶಬ್ದವನ್ನು ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದಿಲ್ಲ.

ಚಂದ್ರಕಾಂತ ಹೋದ, ಬಂದ. ನಾನು ಹೋದೆ, ಬರಲಿಲ್ಲ. ಒಳಗೆ ಗೋಡೆಯ ಮೇಲೊಂದು ದೇವರ ಕ್ಯಾಲೆಂಡರ್, ಹೊರಗೆ ನನ್ನ ವಿದ್ಯಾರ್ಥಿನಿ. ಸ್ವಲ್ಪ ಹೊತ್ತಿಗೆ ಬಾಗಿಲಾಚೆಯಿಂದ ಭಾವಮೈದುನನ ಮೆಲುದನಿ: "ಮಾಮಾ, ಅವಸರ ಇಲ್ರಿ. ಧೈರ್ಯ ತಗೋರಿ." ಒಪ್ಪಿಗೆಯನ್ನೂ ಕೇಳದೆ ನಾನು ಪರೀಕ್ಷಿಸಿದ ಅಷ್ಟೂ ಗಂಡಿಲಿಗಳಿಗೆ ಮನಸ್ಸಿನಲ್ಲೇ ಕೈಮುಗಿದೆ. ಕೊನೆಗೆ ಡಬ್ಬಿಯನ್ನು ತೆಗೆದುಕೊಂಡು ಹೋದ ಹಾಗೆಯೇ ಖಾಲಿ ತಂದು ಮೇಜಿನ ಮೇಲಿಟ್ಟೆ.

ಚಂದ್ರಕಾಂತನ ಫಲಿತಾಂಶ ಬಂದಾಗ ಅಲ್ಲಿನ ಡಾಕ್ಟರ್ ಸಮಾಧಾನದಿಂದಲೇ ಹೇಳಿದರು: ಸಂಖ್ಯೆ ಕಡಿಮೆ ಇದೆ, ಔಷಧ ಹೊಡೆದದ್ದರಿಂದಲೇ ಹೀಗಾಯಿತೆಂದು ಹೇಳಲಾಗದು, ಆದರೆ ಸದ್ಯ ಪಂಪು ಮುಟ್ಟಬೇಡ, ಗುಳಿಗೆ ತಗೋ, ಕೆಲವು ತಿಂಗಳು ಬಿಟ್ಟು ಬಾ, ಆಸೆ ಬಿಡಬೇಡ. ಬಸ್ ಸ್ಟ್ಯಾಂಡಿಗೆ ಬಂದೆವು. ಫರಸಿ ಕಲ್ಲಿನ ಕಟ್ಟೆಯ ಮೇಲೆ ಕೂತು ಅವನು ತಾಯಿಗೆ ಫೋನ್ ಹಚ್ಚಿದ. "ಅವ್ವಾ, ಭಂಕೂರದವರಿಗಿ ಬ್ಯಾಡಂತ ಹೇಳಿಬಿಡು. ಕಡಿಮಿ ಇದ್ದದ್ದು ನನ್ನಾಗ. ಸುವರ್ಣಾಗ ಇನ್ನ ಯಾರೂ ಒಂದು ಮಾತು ಅನ್ನಬ್ಯಾಡ್ರಿ. ಕೊಳ್ಳಾಗಿನ ದಾರ ಎಲ್ಲಾ ಬಿಚ್ಚಿಡಂತ ಹೇಳು." ಅಷ್ಟು ಕಷ್ಟದ ಮಾತನ್ನು ಅವನು ಎಷ್ಟು ಸರಳ ಕನ್ನಡದಲ್ಲಿ ಹೇಳಿದ! ನನಗೆ ಕಣ್ಣು ತುಂಬಿ ಬಂತು. ಧೂಳು ಎಂದೆ. ಅವನು ಟವಲು ಕೊಟ್ಟ.

ಮೊನ್ನೆ ಮತ್ತೆ ಕೊಡ್ಲಿಗೆ ಹೋಗಿದ್ದೆವು. ಸುವರ್ಣಾ ಚಹಾ ತಂದಳು. ಅವಳ ಕೊರಳಲ್ಲಿ ಈಗ ತಾಳಿಯೊಂದೇ ಇತ್ತು, ಹುಡುಕುವ ಅಗತ್ಯವಿರಲಿಲ್ಲ. ನಮ್ಮತ್ತೆ ಆಕೆಯನ್ನು ಪಕ್ಕಕ್ಕೆ ಕರೆದು, "ನೀನೂ ಕುಡಿಯವ್ವ, ಆರ್ತದ" ಎಂದರು. ಅಷ್ಟರಲ್ಲಿ ಓಣಿಯಲ್ಲಿ ಹೋಗುತ್ತಿದ್ದ ಬಸಣ್ಣ ಮುತ್ಯಾ ನನ್ನನ್ನು ಕಂಡು ನಿಂತರು. "ಏನ್ರಿ ಬೀಜದ ಡಾಕ್ಟರ್, ಈ ಸಲಾನೂ ಖಾಲಿ ಕೈಲೇ ಬಂದೀರೇನು?"

ಚಂದ್ರಕಾಂತ ಮೀಸೆಯ ಮೇಲೆ ಕೈಯಾಡಿಸುತ್ತ ಹೇಳಿದ: "ಅವರಿಗಿ ಏನೂ ಅನಬ್ಯಾಡ ಮುತ್ಯಾ. ಶಹಾಬಾದದಾಗೂ ಅವರು ಖಾಲಿ ಕೈಲೇ ಬಂದಾರ."

ಸುವರ್ಣಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಮೊದಲ ಸಲ ಕೇಳಿದ್ದು. ನನ್ನ ಮಾನ ಹೋದದ್ದು ಹೋಗಲಿ ಎಂದು ಇನ್ನೊಂದು ಕಪ್ ಚಹಾ ಕೇಳಿದೆ.